ಪಾಸ್‌ವರ್ಡ್ ಮರೆತಿದ್ದಕ್ಕೆ ಫಾರ್ಮ್ಯಾಟ್ ಮಾಡಿಸಬೇಡಿ: ಹೈರೆನ್ಸ್ ಬೂಟ್‌ಸಿಡಿ ಪಿಇ ಬಳಸಿ ನೋಡಿದೆ

ಮರೆತ ವಿಂಡೋಸ್ ಪಾಸ್‌ವರ್ಡ್ ತೆಗೆಯೋಕೆ ನಾನು ಬಳಸಿದ ಈ ಹೈರೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಕೆಲಸ ಮಾಡುತ್ತೆ, ಆದರೆ ಎಲ್ಲಾ ಕಂಪ್ಯೂಟರಿಗೂ ಆಗಲ್ಲ. ಮೊದಲೇ ಇಷ್ಟು ಹೇಳಿಬಿಡುತ್ತೇನೆ.

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನದು ಬೆಲ್ಲದ ವ್ಯಾಪಾರ. ಲೆಕ್ಕ ಬರೆಯುತ್ತಿದ್ದ ಹುಡುಗ ಕೆಲಸ ಬಿಟ್ಟು ಹೋದ, ಫೋನ್ ನಂಬರೂ ಬದಲಾಗಿದೆ, ಅಡ್ಮಿನ್ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿಲ್ಲ. ರಿಪೇರಿ ಅಂಗಡಿಯವರು ಸಿಸ್ಟಮ್ ನೋಡಿದವರೇ "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ಬೇಕು, ಡೇಟಾಗೆ ಗ್ಯಾರಂಟಿ ಇಲ್ಲ" ಅಂದುಬಿಟ್ಟರು. ಚಿಕ್ಕಪ್ಪ ನನಗೆ ಫೋನ್ ಮಾಡಿ, "ಟ್ಯಾಲಿ ಲೆಕ್ಕ ಎಲ್ಲಾ ಅದ್ರಾಗೇ ಐತೆ ಕಣ್ಲಾ, ರೈತ್ರಿಗೆ ಕೊಟ್ಟಿರೋ ಮುಂಗಡವೂ ಅದ್ರಾಗೇ ಐತೆ" ಅಂದರು. ಒಂದು ಪಾಸ್‌ವರ್ಡ್‌ಗೋಸ್ಕರ ಆ ಲೆಕ್ಕವನ್ನೆಲ್ಲ ಅಳಿಸೋದು ತಪ್ಪು, ಅದನ್ನು ಕೇಳಿ ನನಗೆ ನಿಜವಾಗಲೂ ಕೋಪ ಬಂತು.

ಹೈರೆನ್ಸ್ ಅಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಪುಟ್ಟ ವಿಂಡೋಸ್. ಅವರದೇ ವೆಬ್‌ಸೈಟಿನಿಂದ ಐಎಸ್‌ಒ, ಅಂದರೆ ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲ್, ಇಳಿಸಿಕೊಂಡು ರೂಫಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್‌ಗೆ ಬರೆಯಬೇಕು, 8 ಜಿಬಿಯದು ಸಾಕು, ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ, ಆಗ ಸಿಸ್ಟಮ್ ಪೂರ್ತಿ ಆರುತ್ತೆ. ಮತ್ತೆ ಆನ್ ಮಾಡುವಾಗ ಡೆಲ್ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ.

ಒಳಗೆ ಎನ್‌ಟಿ ಪಾಸ್‌ವರ್ಡ್ ಎಡಿಟ್ ಅಂತ ಒಂದು ಸಣ್ಣ ಕಿಟಕಿ. ಮೇಲ್ಗಡೆ ಸ್ಯಾಮ್ ಫೈಲಿನ ದಾರಿ ಕಾಣುತ್ತೆ: ವಿಂಡೋಸ್, ಸಿಸ್ಟಮ್32, ಕಾನ್ಫಿಗ್. ಪಾಸ್‌ವರ್ಡ್‌ನ ಗುರುತು ಕೂತಿರೋದು ಅಲ್ಲೇ. ಓಪನ್ ಒತ್ತಿದರೆ ಬಳಕೆದಾರರ ಹೆಸರು ಬರುತ್ತೆ. ಅದರಲ್ಲಿ ಅಡ್ಮಿನಿಸ್ಟ್ರೇಟರ್ ಅಂತಲೇ ಒಂದಿರುತ್ತೆ, ಅದನ್ನು ಮುಟ್ಟಬೇಡಿ, ಸಾಮಾನ್ಯವಾಗಿ ಆ ಖಾತೆ ಬಂದ್ ಆಗಿರುತ್ತೆ. ನೀವು ದಿನಾ ಬಳಸುವ ಹೆಸರು ಆರಿಸಿ, ಚೇಂಜ್ ಪಾಸ್‌ವರ್ಡ್ ಕೊಟ್ಟು ಖಾಲಿ ಬಿಡಿ, ಸೇವ್ ಚೇಂಜಸ್ ಒತ್ತಿ. ಅಷ್ಟೇ! ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟಿತು, ಟ್ಯಾಲಿ ಫೋಲ್ಡರ್ ಇದ್ದ ಜಾಗದಲ್ಲೇ ಇತ್ತು. ಟ್ಯಾಲಿಗೇ ಬೇರೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಇದು ತೆಗೆಯಲ್ಲ, ನಮ್ಮದಕ್ಕೆ ಹಾಕಿರಲಿಲ್ಲ.

ಈಗ ಆಗದಿರೋದು. ಮೈಕ್ರೋಸಾಫ್ಟ್ ಖಾತೆಯಿಂದ, ಅಂದರೆ ಇಮೇಲ್ ಹಾಕಿ ಲಾಗಿನ್ ಆಗುವ ಸಿಸ್ಟಮ್ ಆದರೆ ಇದರ ಗೋಜಿಗೇ ಹೋಗಬೇಡಿ, ಫೋನಿನಲ್ಲಿ ಅವರ ಸೈಟಿಗೆ ಹೋಗಿ ಪಾಸ್‌ವರ್ಡ್ ಬದಲಿಸಿ, ಆಮೇಲೆ ಕಂಪ್ಯೂಟರಿಗೆ ನೆಟ್ ಕೊಡಿ. ಬಿಟ್‌ಲಾಕರ್, ಅಂದರೆ ಇಡೀ ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನದೇ ಸೌಲಭ್ಯ, ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಡ್ರೈವ್ ತೆರೆಯೋದೇ ಇಲ್ಲ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತಾನಾಗೇ ಲಾಕ್ ಆಗಿರೋದು ಜಾಸ್ತಿ, ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಅಂತ ಹುಡುಕಿ. ಇನ್ನೊಂದು, ಹೀಗೆ ಬಲವಂತವಾಗಿ ಬದಲಿಸಿದರೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋಗಬಹುದು, ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದ ಫೈಲುಗಳೂ ತೆರೆಯಲ್ಲ. ಹಾಗಾಗಿ ಮೊದಲು ಲಾಗಿನ್ ಪರದೆಯಲ್ಲಿ ಒಂದು ತಪ್ಪು ಪಾಸ್‌ವರ್ಡ್ ಹೊಡೆದು ನೋಡಿ. ವಿಂಡೋಸ್ 10ರಲ್ಲಿ 2018ರಿಂದ ಲೋಕಲ್ ಖಾತೆಗೆ, ಅಂದರೆ ಇಮೇಲ್ ಇಲ್ಲದೆ ಆ ಕಂಪ್ಯೂಟರಿನಲ್ಲಷ್ಟೇ ಇರುವ ಖಾತೆಗೆ, ಭದ್ರತಾ ಪ್ರಶ್ನೆ ಇಡುವ ವ್ಯವಸ್ಥೆ ಇದೆ. ಇಟ್ಟಿದ್ದರೆ ಕೆಳಗೆ ರೀಸೆಟ್ ಅಂತ ಬರುತ್ತೆ, ಪೆನ್‌ಡ್ರೈವೇ ಬೇಡ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಯಾಕೆಂದರೆ ಎಲ್ಲವೂ ಇಂಗ್ಲಿಷ್‌ನಲ್ಲಿದೆ, ಚಿಕ್ಕಪ್ಪನಂಥವರು ಒಬ್ಬರೇ ಮಾಡೋಕಾಗಲ್ಲ, ಹಳೇ ಪೆನ್‌ಡ್ರೈವ್ ಆದರೆ ತೆರೆಯೋಕೂ ತುಂಬಾ ಹೊತ್ತು ಹಿಡಿಯುತ್ತೆ. ನಿಮ್ಮದೇ ಕಂಪ್ಯೂಟರ್ ಆಗಿದ್ದರೆ ಮಾತ್ರ ಮಾಡಿ. ಕೆಲಸ ಮುಗಿದ ಮೇಲೆ ಹೊಸ ಪಾಸ್‌ವರ್ಡ್ ಹಾಕಿ, ಟ್ಯಾಲಿ ಡೇಟಾ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅಂಗಡಿ ಅಂದ ಮೇಲೆ ಹೋಗಿಬರುವ ಜನ ಜಾಸ್ತಿ, ಅವರಲ್ಲಿ ಯಾರು ಬೇಕಾದರೂ ಇದೇ ಪೆನ್‌ಡ್ರೈವ್ ಹಾಕಬಹುದು ಅಲ್ವಾ? ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಆನ್ ಮಾಡಿ, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ.