ದಾಂಡೇಲಿ ಟೀಂ ಔಟಿಂಗ್: ನದಿಗೆ ಫುಲ್ ಮಾರ್ಕ್ಸ್, ಪ್ಯಾಕೇಜಿಗೆ ಜಸ್ಟ್ ಪಾಸ್

ಮೊದಲೇ ಹೇಳಿಬಿಡ್ತೀನಿ, ಆಫೀಸಿನವರ ಜೊತೆ ದಾಂಡೇಲಿಗೆ ಹೋಗೋ ಪ್ಲ್ಯಾನ್ ಇದ್ರೆ ರಾಫ್ಟಿಂಗ್‌ಗೋಸ್ಕರ (ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ನದಿ ರಭಸದ ಮೇಲೆ ಹೋಗೋದು) ಹೋಗಿ, ಮಿಕ್ಕಿದ್ದೆಲ್ಲ ಊಟಕ್ಕೆ ಉಪ್ಪಿನಕಾಯಿ ಇದ್ದಂಗೆ, ಇದ್ರೂ ಸರಿ ಇಲ್ದಿದ್ರೂ ಸರಿ. ಆದ್ರೆ ಪ್ಯಾಕೇಜ್ ಮಾರೋರು ಉಪ್ಪಿನಕಾಯಿಗೇ ಜಾಸ್ತಿ ದುಡ್ಡು ಹಾಕ್ತಾರೆ, ಅದೇ ನನ್ನ ಕಂಪ್ಲೇಂಟು. ರೆಸಾರ್ಟ್ ಹೆಸರು ಹಾಕ್ತಾ ಇಲ್ಲ, ಯಾಕಂದ್ರೆ ರಾಫ್ಟಿಂಗ್ ನಡೆಯೋ ಗಣೇಶಗುಡಿ ಸುತ್ತ ವಿಚಾರಿಸಿದಾಗ ಸಿಕ್ಕ ಪ್ಯಾಕೇಜುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇದ್ವು, ಹೆಸರು ತಿಳ್ಕೊಳ್ಳೋದಕ್ಕಿಂತ ಏನು ಕೇಳಿ ಬುಕ್ ಮಾಡ್ಬೇಕು ಅಂತ ತಿಳ್ಕೊಂಡ್ರೆ ನಿಮಗೆ ಉಪಯೋಗ.

ನಮ್ಮದು ಬೆಂಗಳೂರಿನ ಪೀಣ್ಯದ ಕಡೆ ಒಂದು ಕಂಪನಿ. ಅಕೌಂಟ್ಸು, ಸೇಲ್ಸು, ಸ್ಟೋರ್ಸು, ಡಿಸ್ಪ್ಯಾಚು ಎಲ್ಲ ಸೇರಿದ್ರೆ ಒಂದು ಬಸ್ ತುಂಬತ್ತೆ. ಶುಕ್ರವಾರ ಡ್ಯೂಟಿ ಮುಗಿಸ್ಕೊಂಡು ರಾತ್ರಿನೇ ಹೊರಟ್ವಿ, ಅಂದ್ರೆ ಕಂಪನಿ ನಮ್ಮ ರಜಾದಲ್ಲೇ ನಮಗೆ ಟ್ರೀಟ್ ಕೊಡ್ತು, ಇದನ್ನ ಎಚ್‌ಆರ್‌ನೋರು ಓದಿದ್ರೆ ಓದ್ಲಿ. ಶಿರಾ ದಾಟೋವರೆಗೂ ಬಸ್ಸಲ್ಲಿ ಡ್ಯಾನ್ಸು, ಆಮೇಲೆ ಗೊರಕೆ. ಹುಬ್ಬಳ್ಳಿ, ಧಾರವಾಡ, ಹಳಿಯಾಳ ಆಗಿ ದಾಂಡೇಲಿ, 450 ಕಿಲೋಮೀಟರಿಗಿಂತ ಜಾಸ್ತಿನೇ ಆಗತ್ತೆ, ಅಲ್ಲಿಂದ ಗಣೇಶಗುಡಿ ಕಡೆಗೆ ಇನ್ನೂ ಸುಮಾರು 25 ಕಿಲೋಮೀಟರ್ ಕಾಡಿನ ರೋಡು. ಬೆಳಿಗ್ಗೆ ಇಳಿದಾಗ ಎಲ್ಲರ ಮುಖ ನೋಡೋ ಹಂಗಿರ್ಲಿಲ್ಲ. ರೂಮು ಹನ್ನೆರಡಕ್ಕೇ ಕೊಡೋದು ಅಂದ್ರು, ಹಲ್ಲುಜ್ಜಕ್ಕೆ ಎರಡು ಬಾತ್‌ರೂಮು, ಬಸ್ ತುಂಬ ಜನ. ಚೆಕ್‌ಇನ್ ಟೈಮ್ ಮೊದಲೇ ಕೇಳ್ಕೊಳ್ಳಿ, ರಾತ್ರಿ ಬಸ್ಸಲ್ಲಿ ಹೋಗೋರಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ತಿಂಡಿ ಆದ್ಮೇಲೆ ಲಾನ್ ಮೇಲೆ ಶಾಮಿಯಾನ ಹಾಕಿ ಟೀಂ ಬಿಲ್ಡಿಂಗ್ ಸೆಷನ್. ಒಬ್ರು ಟ್ರೈನರ್, ಕೈಯಲ್ಲಿ ಮೈಕು, ನಾವೆಲ್ಲ ಅಷ್ಟು ಹತ್ರ ಕೂತಿದ್ರೂ ಸ್ಪೀಕರ್ ಹಾಕಿ ಕಿರುಚೋದು. ಬಲೂನು ಕಾಲಿಗೆ ಕಟ್ಟಿ ಒಡೆಯೋದು, ನ್ಯೂಸ್‌ಪೇಪರಲ್ಲಿ ಟವರ್ ಕಟ್ಟೋದು, ಆಮೇಲೆ ಕಣ್ಣು ಮುಚ್ಚಿ ಹಿಂದಕ್ಕೆ ಬೀಳ್ಬೇಕು, ಟೀಂನೋರು ಹಿಡ್ಕೋಬೇಕು, ಅದಕ್ಕೆ ಟ್ರಸ್ಟ್ ಫಾಲ್ ಅಂತೆ. ನಮ್ಮ ಮ್ಯಾನೇಜರ್ ಬೀಳೋವಾಗ ಹಿಡಿಯಕ್ಕೆ ಜಾಗ ಸಾಲದಷ್ಟು ಕೈಗಳು, ಸ್ಟೋರ್ಸ್ ಹುಡುಗ ಬೀಳೋವಾಗ ಅರ್ಧ ಜನ ಮೊಬೈಲಲ್ಲಿ ವಿಡಿಯೋ ಮಾಡ್ತಿದ್ರು. ನಂಬಿಕೆ ಎಲ್ಲಿದೆ ಎಲ್ಲಿಲ್ಲ ಅಂತ ಎಲ್ಲರಿಗೂ ಅಲ್ಲೇ ಗೊತ್ತಾಯ್ತು, ಟ್ರೈನರ್‌ಗೆ ಮಾತ್ರ ಗೊತ್ತಾಗ್ಲಿಲ್ಲ. ಡಿಸ್ಪ್ಯಾಚಿನ ಹಿರಿಯರೊಬ್ರು, ಗದಗ ಕಡೆಯವರು, ಸೊಂಟ ನೋವು ಅಂತ ಹೇಳಿದ್ರೂ ಬಿಡ್ದೆ ‘ಕಮಾನ್ ಸರ್, ಕಂಫರ್ಟ್ ಝೋನ್‌ನಿಂದ ಹೊರಗೆ ಬನ್ನಿ’ ಅಂತ ಒತ್ತಾಯ ಮಾಡಿದ್ರು, ಅವ್ರು ‘ಝೋನ್ ಅಲ್ರೀ ಸರ, ಡಿಸ್ಕ್ ಜಾರೇತಿ’ ಅಂದ್ರು. ಇಡೀ ಸೆಷನ್‌ನಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೊಂದಕ್ಕೇ. ಇದಕ್ಕೆ ತಲೆಗೆ ಇಷ್ಟು ಅಂತ ಬೇರೆ ಚಾರ್ಜು. ಬುಕ್ ಮಾಡೋವಾಗ ಇದನ್ನ ತೆಗೆಸಿ, ಆ ದುಡ್ಡನ್ನ ಲಾಂಗ್ ರಾಫ್ಟಿಂಗ್‌ಗೆ ಹಾಕ್ಸಿ.

ಲಾಂಗ್ ಅಂತ ಯಾಕಂದೆ ಅಂದ್ರೆ ಪ್ಯಾಕೇಜಲ್ಲಿ ಬರೀ ‘ರಾಫ್ಟಿಂಗ್’ ಅಂತ ಬರ್ದಿದ್ರೆ ಅದು ಶಾರ್ಟ್ ರಾಫ್ಟಿಂಗ್ ಅಂತಲೇ ಅಂದ್ಕೊಳ್ಳಿ, ಹತ್ತಿ ಕೂತು ಫೋಟೋ ತೆಗೆಸ್ಕೊಳ್ಳೋಷ್ಟ್ರಲ್ಲಿ ಮುಗಿಯತ್ತೆ. ಲಾಂಗ್ ಬೇಕಂದ್ರೆ ಕೇಳಿ ಹಾಕಿಸ್ಕೋಬೇಕು, ದುಡ್ಡೂ ಜಾಸ್ತಿ. ಇನ್ನೊಂದು ವಿಷಯ, ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯೋದು ಮೇಲಿರೋ ಸೂಪಾ ಡ್ಯಾಮ್‌ನಿಂದ. 101 ಮೀಟರ್ ಎತ್ತರದ ಡ್ಯಾಮು, ಅದರ ಬುಡದಲ್ಲೇ 50 ಮೆಗಾವ್ಯಾಟ್‌ನ ಎರಡು ಯೂನಿಟ್ ಇರೋ ಪವರ್‌ಹೌಸು, ಟರ್ಬೈನ್ ತಿರುಗಿಸಿ ಹೊರಗೆ ಬರೋ ನೀರೇ ನಮ್ಮ ರಾಫ್ಟಿಗೆ ಬೇಕಾಗಿರೋದು. ಕರೆಂಟ್ ತಯಾರು ಮಾಡಿದ್ರೆ ನೀರು, ಇಲ್ಲಾಂದ್ರೆ ಬಂಡೆ ನೋಡ್ಕೊಂಡು ಕೂತ್ಕೋಬೇಕು. ಬೆಂಗಳೂರಲ್ಲಿ ಯಾರೋ ಎಸಿ ಹಾಕಿದ್ರೆ ನಮಗಿಲ್ಲಿ ಅಲೆ ಬರತ್ತೆ ಅಂತ ನಾವೇ ತಮಾಷೆ ಮಾಡ್ತಿದ್ವಿ. ಮಳೆಗಾಲದಲ್ಲಿ ರಾಫ್ಟಿಂಗ್ ಬಂದ್. ಹಂಗಾಗಿ ನೀರು ಬಿಡ್ಲಿಲ್ಲ ಅಂದ್ರೆ ದುಡ್ಡು ವಾಪಸ್ಸಾ, ಬೇರೆ ಟೈಮಾ, ಬರವಣಿಗೆಯಲ್ಲಿ ಕೇಳಿ. ನಮಗೆ ಬೆಳಿಗ್ಗೆ ಅಂದಿದ್ದು ಮಧ್ಯಾಹ್ನ ಆಯ್ತು, ಸದ್ಯ ಆಯ್ತಲ್ಲ.

ಇನ್ನು ಗೈಡ್‌ಗಳು. ಇವ್ರಿಗೆ ಎಷ್ಟು ಹೊಗಳಿದ್ರೂ ಕಮ್ಮಿ. ನಮ್ಮ ರಾಫ್ಟಿನವನು ಜೋಯಿಡಾ ಕಡೆ ಹುಡುಗ, ಮನೇಲಿ ಕೊಂಕಣಿ, ನಮ್ಮ ಜೊತೆ ಒಳ್ಳೆ ಕನ್ನಡ. ಹೆಲ್ಮೆಟ್ ಬೆಲ್ಟ್ ಒಬ್ಬೊಬ್ರದ್ದೂ ತಾನೇ ಎಳೆದು ನೋಡ್ದ, ಲೈಫ್ ಜಾಕೆಟ್ ಹಾಕ್ಕೊಂಡ್ಮೇಲೆ ಹೆಗಲ ಪಟ್ಟಿ ಹಿಡ್ಕೊಂಡು ಮೇಲಕ್ಕೆ ಎತ್ತಿದ, ಗಲ್ಲದವರೆಗೂ ಬಂದ್ರೆ ಲೂಸು, ಬಿಚ್ಚಿ ಮತ್ತೆ ಕಟ್ಟು. ಪ್ಯಾಡಲ್ ತುದಿಯಲ್ಲಿ ಟಿ ಥರ ಒಂದು ಹಿಡಿ ಇರತ್ತೆ, ಅದ್ರ ಮೇಲಿಂದ ಕೈ ತೆಗೀಲೇಬಾರ್ದು, ತೆಗೆದ್ರೆ ಪಕ್ಕದೋರ ಹಲ್ಲು ಹೋಗತ್ತೆ ಅಂದ. ನೀರಿಗೆ ಬಿದ್ರೆ ನಿಂತ್ಕೊಳ್ಳಕ್ಕೆ ಹೋಗ್ಬೇಡಿ, ಕಾಲು ಬಂಡೆ ಸಂದಿಯಲ್ಲಿ ಸಿಕ್ಕಾಕೊಳ್ಳತ್ತೆ, ಅಂಗಾತ ಮಲಗಿ, ಕಾಲು ನೀರು ಹೋಗೋ ದಿಕ್ಕಿಗೆ, ಹೆಬ್ಬೆರಳು ಮೇಲೆ ಕಾಣ್ತಿರ್ಬೇಕು, ಹಗ್ಗ ಎಸೀತೀನಿ ಹಿಡ್ಕೊಳ್ಳಿ. ಹತ್ತು ನಿಮಿಷದಲ್ಲಿ ಇಷ್ಟೂ ಹೇಳಿ, ವಾಪಸ್ ನಮ್ಮ ಬಾಯಿಂದ ಹೇಳಿಸಿದ. ಯಾವುದೇ ಮೈಕಿಲ್ಲ.

ಆಮೇಲೆ ಕೂರ್ಸಿದ್ದು ನೋಡಿ. ರಾಫ್ಟಲ್ಲಿ ಮುಂದೆ ಕೂತಿರೋ ಇಬ್ಬರು ಹೆಂಗೆ ಹುಟ್ಟು ಹಾಕ್ತಾರೋ ಹಿಂದಿನೋರೆಲ್ಲ ಅದೇ ಲೆಕ್ಕಕ್ಕೆ ಹಾಕ್ಬೇಕು, ಅದಕ್ಕೆ ಆ ಜಾಗಕ್ಕೆ ಸ್ಟೋರ್ಸ್ ಹುಡುಗನ್ನ ಮತ್ತೆ ನಮ್ಮ ಅಕೌಂಟ್ಸ್ ಮೇಡಂನ ಆರಿಸಿದ, ಮ್ಯಾನೇಜರ್‌ನ ಮಧ್ಯಕ್ಕೆ ಹಾಕ್ದ. ಮ್ಯಾನೇಜರ್‌ಗೆ ಸುಮ್ನೆ ಕೂತು ಅಭ್ಯಾಸ ಇಲ್ಲ, ಮೊದಲನೇ ರಾಪಿಡ್ (ಬಂಡೆಗಳ ಮಧ್ಯ ನೀರು ರಭಸವಾಗಿ ನುಗ್ಗೋ ಜಾಗ) ಬರ್ತಿದ್ದಂಗೆ ಅವರೇ ಫಾರ್ವರ್ಡ್ ಫಾರ್ವರ್ಡ್ ಅಂತ ಕೂಗಕ್ಕೆ ಶುರು ಮಾಡಿದ್ರು. ಹಿಂದೆ ಕೂತಿದ್ದ ಗೈಡು ನಿಧಾನಕ್ಕೆ, ‘ಸರ್, ಇಲ್ಲಿ ಆರ್ಡರ್ ನಾನೊಬ್ನೇ ಕೊಡೋದು, ನೀವು ಹುಟ್ಟು ಹಾಕಿ ಸಾಕು’ ಅಂದ. ಒಂದು ಕ್ಷಣ ರಾಫ್ಟೆಲ್ಲ ಸೈಲೆಂಟು. ಯಾರೋ ಕಿಸಕ್ ಅಂದ್ರು, ಆಮೇಲೆ ಮ್ಯಾನೇಜರೇ ಜೋರಾಗಿ ನಕ್ಬಿಟ್ರು, ಆ ಟೈಮಿಗೆ ಸರಿಯಾಗಿ ನೀರು ಎದ್ದು ಮುಖಕ್ಕೆ ಬಡೀತು, ಬಾಯಿ ಬೇರೆ ತೆರೆದಿದ್ರಲ್ಲ, ಕಾಳಿ ನದಿ ಅರ್ಧ ಲೀಟರ್ ಒಳಗೆ. ನೀರು ಮಾತ್ರ ತಣ್ಣಗೆ ಕೊರೀತಿತ್ತು.

ಎರಡನೇ ದೊಡ್ಡ ರಾಪಿಡಲ್ಲಿ ನಮ್ಮ ಸೇಲ್ಸ್‌ನೋನು ಬಿದ್ದ. ಕಾಲನ್ನ ರಾಫ್ಟಿನ ಒಳಗಿನ ಟ್ಯೂಬ್ ಕೆಳಗೆ ತುರುಕಿ ಕೂತ್ಕೋ ಅಂದಿದ್ರೂ ಸ್ಟೈಲಾಗಿ ಕೂತಿದ್ದ. ಅವನ್ನ ಹೆಗಲ ಪಟ್ಟಿ ಹಿಡ್ದು ಒಳಗೆ ಎಳ್ದಿದ್ದು ಅಕೌಂಟ್ಸ್ ಮೇಡಂ, ಟ್ರಾವೆಲ್ ಬಿಲ್ ವಿಷಯಕ್ಕೆ ಅವರಿಬ್ರಿಗೂ ತಿಂಗಳುಗಟ್ಟಲೆ ಮಾತೇ ಇರ್ಲಿಲ್ಲ. ಎಳ್ದ ರಭಸಕ್ಕೆ ಇಬ್ರೂ ರಾಫ್ಟಿನ ತಳದಲ್ಲಿ ದೊಪ್ಪಂತ ಬಿದ್ರು. ಸೋಮವಾರ ಅವನ ಬಿಲ್ಲನ್ನ ಮೇಡಂ ಮತ್ತೆ ವಾಪಸ್ ಕಳ್ಸಿದ್ರು, ಅದು ಬೇರೆ ವಿಷಯ.

ನೀರು ಶಾಂತ ಇರೋ ಕಡೆ ಗೈಡು ಹಿಂದೆ ಡ್ಯಾಮ್ ಕಡೆ ಕೈ ತೋರ್ಸಿ, ‘ನಮ್ಮ ಅಜ್ಜನ ಮನೆ ಆ ನೀರಿನ ಒಳಗಿದೆ ಸರ್’ ಅಂದ. ಸೂಪಾ ಅನ್ನೋದು ಕಾಳಿ ಮತ್ತೆ ಪಾಂಡರಿ ನದಿ ಸೇರೋ ಕಡೆ ಇದ್ದ ಊರು, ತಾಲೂಕಿಗೂ ಅದೇ ಹೆಸರಿತ್ತು, ಡ್ಯಾಮ್ ಕಟ್ಟಿದಾಗ ಮುಳುಗಡೆ ಆಯ್ತು, ಆಮೇಲೆ ತಾಲೂಕಿನ ಕೇಂದ್ರ ಜೋಯಿಡಾ ಆಯ್ತು. ನಾವು ದುಡ್ಡು ಕೊಟ್ಟು ಕೂಗಾಡ್ತಿರೋ ನೀರಿಗೆ ಇಂಥ ಕಥೆ ಇದೆ ಅಂತ ಪ್ಯಾಕೇಜಿನ ಪಿಡಿಎಫಲ್ಲಿ ಒಂದು ಸಾಲೂ ಇರ್ಲಿಲ್ಲ.

ಮಿಕ್ಕ ಆಕ್ಟಿವಿಟಿಗಳು, ಕಯಾಕಿಂಗ್, ಜಿಪ್‌ಲೈನ್, ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕೂತು ಉರುಳೋ ಝೋರ್ಬಿಂಗ್, ನ್ಯಾಚುರಲ್ ಜಕೂಜಿ ಅಂತ ನೀರು ಹರಿಯೋ ಕಲ್ಲಿನ ಮಧ್ಯ ಕೂರ್ಸೋದು, ಎಲ್ಲದಕ್ಕೂ ಶನಿವಾರ ಜಾತ್ರೆ. ಅರ್ಧ ಗಂಟೆ ಕ್ಯೂ, ಐದು ನಿಮಿಷ ಮಜಾ. ಜಕೂಜಿ ಮಾತ್ರ ನಂಗೆ ಇಷ್ಟ ಆಯ್ತು, ಬೆನ್ನಿಗೆ ಒಳ್ಳೆ ಮಸಾಜು, ಸೊಂಟ ನೋವಿನ ಹಿರಿಯರು ಅಲ್ಲಿಂದ ಎದ್ದೇಳಲೇ ಇಲ್ಲ. ಹೆಣ್ಮಕ್ಕಳಿಗೆ ಬಟ್ಟೆ ಬದಲಾಯಿಸಕ್ಕೆ ದಡದಲ್ಲಿ ಒಂದೇ ಒಂದು ತಗಡಿನ ಶೆಡ್ಡು, ಚಿಲಕ ಸರಿಯಿಲ್ಲ, ಒಬ್ರು ಹೊರಗೆ ಬಾಗಿಲು ಹಿಡ್ಕೊಂಡು ನಿಂತ್ಕೋಬೇಕು. ಇದು ನಿಜವಾಗ್ಲೂ ಕೋಪ ಬರ್ಸಿದ ವಿಷಯ, ಇಷ್ಟು ದುಡ್ಡು ತಗೊಂಡು ಒಂದು ಚಿಲಕ ಹಾಕ್ಸಕ್ಕಾಗಲ್ವಾ?

ಊಟ ಪರವಾಗಿಲ್ಲ. ಫಿಶ್ ಫ್ರೈ ಚೆನ್ನಾಗಿತ್ತು, ವೆಜ್‌ನೋರಿಗೆ ಎರಡು ದಿನಾನೂ ಅದೇ ಪನೀರು. ಪಕ್ಕದ ಹಳ್ಳಿಗಳಲ್ಲಿ ಕುಣಬಿ ಜನ ಬೆಳೆಯೋ ಗೆಡ್ಡೆಗೆಣಸು ಅಷ್ಟು ಫೇಮಸ್ಸು, ಅದ್ರಲ್ಲಿ ಒಂದು ಪಲ್ಯ ಮಾಡಿ ಹಾಕೋ ಬುದ್ಧಿ ಯಾರಿಗೂ ಇಲ್ಲ, ಗೋಬಿ ಮಂಚೂರಿ ತಿನ್ನಕ್ಕೆ ಇಲ್ಲಿವರೆಗೂ ಬರ್ಬೇಕಾ.

ರಾತ್ರಿ ಕ್ಯಾಂಪ್‌ಫೈರ್ ಜೊತೆ ಡಿಜೆ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ದಾಂಡೇಲಿ ಅಣಶಿ ಅಂತ ಇದ್ದಿದ್ದನ್ನ 2015ರಲ್ಲಿ ಕಾಳಿ ಅಂತ ಹೆಸರು ಬದಲಾಯಿಸಿದ್ರಲ್ಲ ಅದೇ, ಅಂಥ ಜಾಗದಲ್ಲಿ ಪೀಣ್ಯದ ಗಣಪತಿ ಮೆರವಣಿಗೆ ಸೌಂಡು. ನಾವೇ ಹೋಗಿ ಆಫ್ ಮಾಡಿ ಅಂದ್ವಿ, ಆಪರೇಟರ್‌ಗೆ ಆಶ್ಚರ್ಯ, ‘ಪ್ಯಾಕೇಜಲ್ಲಿ ಇದೆ ಸರ್’ ಅಂತಾನೆ. ಭಾನುವಾರ ಬೆಳಿಗ್ಗೆ ಎದ್ದೋರು ಕೆಲವೇ ಜನ, ಅವ್ರಿಗೆ ಮಾತ್ರ ಲಾಭ ಆಯ್ತು, ರೆಸಾರ್ಟ್ ಹಿಂದಿನ ಆಲದ ಮರದಲ್ಲಿ ಮಂಗಟ್ಟೆ ಹಕ್ಕಿಗಳು (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್) ಹಣ್ಣು ತಿಂತಾ ಇದ್ವು, ಕೊಕ್ಕಿನ ತುದಿಯಲ್ಲಿ ಹಣ್ಣು ಕಿತ್ತು ಮೇಲಕ್ಕೆ ಚಿಮ್ಮಿಸಿ ಬಾಯಿಗೆ ಹಾಕ್ಕೊಳ್ಳೋದು, ಹಾರಿದ್ರೆ ರೆಕ್ಕೆ ಸದ್ದು ಕೆಳಗಿರೋ ನಮಗೆ ಕೇಳತ್ತೆ. ಇದಕ್ಕೆ ಚಾರ್ಜಿಲ್ಲ, ಆದ್ರಿಂದ ಯಾರೂ ಹೇಳಲೂ ಇಲ್ಲ.

ಸ್ಟಾರ್ ಕೊಡೋದಾದ್ರೆ ರಾಫ್ಟಿಂಗ್ ಮತ್ತೆ ಗೈಡ್‌ಗಳಿಗೆ ಐದಕ್ಕೆ ಐದು, ರೆಸಾರ್ಟಿಗೆ ಎರಡೂವರೆ, ಟ್ರೈನರ್‌ಗೆ ಅರ್ಧ, ಅದೂ ಆ ಡಿಸ್ಕ್ ಡೈಲಾಗ್ ಹುಟ್ಟಿಸಿದ್ದಕ್ಕೆ. ಸಾಧ್ಯ ಆದ್ರೆ ವಾರದ ಮಧ್ಯ ಹೋಗಿ, ಗುರುವಾರ ಶುಕ್ರವಾರ ಆದ್ರೆ ರೇಟೂ ಕಮ್ಮಿ ಮಾಡ್ತಾರೆ, ಕ್ಯೂನೂ ಇರಲ್ಲ. ಈಜು ಬರ್ದಿದ್ರೂ ರಾಫ್ಟಿಂಗ್ ಮಾಡ್ಬೋದು, ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಬರಲ್ಲ, ಆದ್ರೆ ಬೇಡ ಅಂದೋರನ್ನ ಬಲವಂತ ಮಾಡ್ಬೇಡಿ, ಹಾರ್ಟ್ ಪ್ರಾಬ್ಲಂ, ಬೆನ್ನು ನೋವು, ಪ್ರೆಗ್ನೆಂಟ್ ಇರೋರು ದಡದಲ್ಲೇ ಇರ್ಲಿ, ಮತ್ತೆ ಹಿಂದಿನ ರಾತ್ರಿ ಕುಡಿದು ಬಂದೋರನ್ನ ಗೈಡ್ ಇಳಿಸಿದ್ರೆ ಜಗಳ ಮಾಡ್ಬೇಡಿ. ಇನ್ನೊಂದು ವಿಷಯ ಯಾರೂ ಕೇಳಲ್ಲ, ನೀವು ಕೇಳಿ: ಬಸ್ ಡ್ರೈವರ್‌ಗೆ ರೂಮ್ ಇದೆಯಾ? ನಮ್ಮ ಡ್ರೈವರ್ ಅಣ್ಣನಿಗೆ ಬಸ್ಸಲ್ಲೇ ಮಲ್ಕೋ ಅಂದ್ರು, ಕೊನೆಗೆ ಡಿಸ್ಪ್ಯಾಚ್‌ನೋರು ತಮ್ಮ ರೂಮಲ್ಲಿ ಒಂದು ಹಾಸಿಗೆ ಹಾಕ್ಸಿದ್ರು, ರೆಸಾರ್ಟ್‌ನೋರು ಆ ಹಾಸಿಗೆಗೂ ಎಕ್ಸ್‌ಟ್ರಾ ಬಿಲ್ ಹಾಕಿದ್ರು, ಅಕೌಂಟ್ಸ್ ಮೇಡಂ ಅದೊಂದು ಬಿಲ್ ಮಾತ್ರ ಪ್ರಶ್ನೆನೇ ಕೇಳ್ದೆ ಪಾಸ್ ಮಾಡಿದ್ರು.