ಕಂಪ್ಯೂಟರ್ ಕೆಲಸಕ್ಕೆ ಯಾವ ಕನ್ನಡಕ?

ನಲವತ್ತು ದಾಟಿದ ಅನೇಕರು ಓದುವ ಕನ್ನಡಕವನ್ನೇ ಕಂಪ್ಯೂಟರಿಗೂ ಬಳಸುತ್ತಾರೆ. ಅದು ಸುಮಾರು 40 ಸೆಂ.ಮೀ. ದೂರಕ್ಕೆ ಹೊಂದಿಸಿದ್ದು, ಪರದೆ ಸಾಮಾನ್ಯವಾಗಿ 60–70 ಸೆಂ.ಮೀ. ದೂರದಲ್ಲಿರುತ್ತದೆ. ಮುಂದಕ್ಕೆ ಬಾಗದೆ ಗತಿಯಿಲ್ಲ.

ಮೇಲಿನಿಂದ ಕೆಳಕ್ಕೆ ಪವರ್ ಬದಲಾಗುತ್ತಾ ಹೋಗುವ ಪ್ರೋಗ್ರೆಸಿವ್ ಲೆನ್ಸ್‌ನಲ್ಲಿ ಎಲ್ಲ ದೂರವೂ ಕಾಣುತ್ತದೆ, ನಿಜ. ಆದರೆ ಪರದೆಗೆ ಒದಗುವ ನಡುವಿನ ಭಾಗ ಕಿರಿದು. ಗದ್ದ ಎತ್ತಿ, ಸಾಲಿನುದ್ದಕ್ಕೂ ತಲೆ ಹೊರಳಿಸುತ್ತಾ ಓದಬೇಕು. ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಆಗಾಗ ಎದ್ದು ಓಡಾಡುವವರಿಗೆ ಇದು ಸಾಕು.

ದಿನವಿಡೀ ಪರದೆಯ ಮುಂದಿರುವವರಿಗೆ ಆ ದೂರಕ್ಕೆಂದೇ ಮಾಡಿಸಿದ ಒಂದೇ ಪವರ್‌ನ ಕನ್ನಡಕವೇ ಮೇಲು. ಬೆಲೆಯೂ ಕಡಿಮೆ. ಅದನ್ನು ಹಾಕಿಕೊಂಡು ವಾಹನ ಮಾತ್ರ ಓಡಿಸಬೇಡಿ, ದೂರದ್ದು ಮಸುಕಾಗುತ್ತದೆ. ಪರೀಕ್ಷೆಗೆ ಮುನ್ನ ಕಣ್ಣಿನಿಂದ ಪರದೆಗಿರುವ ಅಂತರವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ನೀಲಿ ಬೆಳಕು ತಡೆಯುವ ಲೇಪನಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಅದರಿಂದ ಕಣ್ಣಿನ ಆಯಾಸ ತಗ್ಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.