ಕಾಗದವನ್ನು ಸರಿಪಡಿಸಿದರು, ಅಜ್ಜಿಯನ್ನು ಹಾಗೆಯೇ ಬಿಟ್ಟರು

ದಾವಣಗೆರೆಯ ಮಂಡಿಪೇಟೆಯ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಾಳಾದ ಹಳೆಯ ಫೋಟೋಗಳನ್ನು ಸರಿಪಡಿಸಿಕೊಡುವ ಪುಟ್ಟ ಸ್ಟುಡಿಯೋ ಇದೆ. ಫಲಕದ ಮೇಲೆ ‘ಫೋಟೋ ಸ್ಟುಡಿಯೋ’ ಎಂದಷ್ಟೇ ಬರೆದಿದೆ. ಕಳೆದ ತಿಂಗಳು ನನ್ನ ಅಜ್ಜಿಯ ಫೋಟೋವನ್ನು ಅಲ್ಲಿಗೆ ಕೊಟ್ಟಿದ್ದೆ. ಆ ಕೆಲಸದ ಬಗ್ಗೆ ಬರೆಯಲೇಬೇಕು ಅನ್ನಿಸಿದೆ.

ಫೋಟೋ 1968ರದ್ದು. ಅಜ್ಜಿ ನಿಂತಿದ್ದಾಳೆ, ಪಕ್ಕದಲ್ಲಿ ಎಂಟು ವರ್ಷದ ನನ್ನ ಅವ್ವ. ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ, ಎರಡು ಹಂಸ. ಅಜ್ಜಿ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ವರ್ಷಗಟ್ಟಲೆ ದುಡಿದವಳು. ಭಟ್ಟಿಯ ಬೇಗೆಗೆ ಕಪ್ಪಾದಳು ಎಂದು ನೆಂಟರು ಸಮಜಾಯಿಷಿ ಕೊಡುತ್ತಿದ್ದರಂತೆ. ಅದು ಸುಳ್ಳು. ಅವಳು ಹುಟ್ಟಿದ್ದೇ ಕಪ್ಪಾಗಿ. ಅವ್ವನೂ ಹಾಗೆ, ನಾನೂ ಹಾಗೆ, ನನ್ನ ಮಗಳೂ ಹಾಗೆ. ಅಂದು ಫೋಟೋ ತೆಗೆಯುವವರು ಪೌಡರ್ ಡಬ್ಬಿ ಮುಂದೆ ಹಿಡಿದಾಗ ಅಜ್ಜಿ ಮಗಳ ಕೆನ್ನೆಗೆ ಒಂದಿಷ್ಟು ಸವರಿ, ತನ್ನ ಮುಖವನ್ನು ಸೆರಗಿನಿಂದ ಒರೆಸಿಕೊಂಡು ನಿಂತಳು ಎಂದು ಅವ್ವ ಈಗಲೂ ಹೇಳುತ್ತಾಳೆ.

ಗಾಜಿಗೆ ಅಂಟಿಕೊಂಡು, ಒಂದು ಮೂಲೆಯನ್ನು ಗೆದ್ದಲು ತಿಂದಿದ್ದ ಈ ಫೋಟೋವನ್ನು ಮೊದಲು ಬೇರೊಂದು ಅಂಗಡಿಗೆ ಕೊಟ್ಟಿದ್ದೆ. ಅರ್ಧ ಗಂಟೆ, 250 ರೂಪಾಯಿ. ಮೊಬೈಲ್‌ನಲ್ಲೇ ಚಿತ್ರ ಹಿಡಿದು, ಏನನ್ನೋ ಒತ್ತಿ, ಹೊಳೆಯುವ ಕಾಗದದಲ್ಲಿ ಮುದ್ರಿಸಿ ಕೈಗಿಟ್ಟರು. ಗೋಧಿ ಬಣ್ಣದ, ನುಣ್ಣನೆಯ ಕೆನ್ನೆಯ ಹೆಂಗಸೊಬ್ಬಳು ಅಜ್ಜಿಯ ಸೀರೆ ಉಟ್ಟು ನಿಂತಿದ್ದಳು. ಅವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಚಿತ್ರದ ಗದ್ದದ ಮೇಲೆ ಬೆರಳಿಟ್ಟು, “ಇಲ್ಲಿ ಮೂರು ಚುಕ್ಕಿ ಇದ್ದವು” ಎಂದಳು. ಅಜ್ಜಿಯ ಹಚ್ಚೆ. ಅದನ್ನು ಕಲೆ ಎಂದು ಅಳಿಸಿಬಿಟ್ಟಿದ್ದರು.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರ ಪೆಕೋಲಾ ಕಣ್ಣ ಮುಂದೆಯೇ ಇದ್ದಳು. 1970ರಲ್ಲಿ ಬಂದ ‘ದಿ ಬ್ಲೂಯೆಸ್ಟ್ ಐ’ ಕಾದಂಬರಿಯ ಆ ಕಪ್ಪು ಹುಡುಗಿ ತನಗೆ ನೀಲಿ ಕಣ್ಣು ಬೇಕೆಂದು ಪ್ರಾರ್ಥಿಸುತ್ತಾಳೆ. ಬಾಲನಟಿ ಶರ್ಲಿ ಟೆಂಪಲ್‌ಳ ಬಿಳಿ ಮುಖವಿರುವ ಬಟ್ಟಲನ್ನು ನೋಡುವ ಆಸೆಗಾಗಿಯೇ ಮತ್ತೆ ಮತ್ತೆ ಅದರಲ್ಲಿ ಹಾಲು ಕುಡಿಯುತ್ತಾಳೆ. ನನ್ನನ್ನು ಹೆಚ್ಚು ಸುಡುವುದು ಅವಳ ತಾಯಿಯ ಪ್ರಸಂಗ. ಬಿಳಿಯರ ಮನೆಯ ಅಡುಗೆಮನೆಯಲ್ಲಿ ಪೆಕೋಲಾಳ ಕೈತಾಗಿ ಬಿಸಿ ತಿನಿಸು ಚೆಲ್ಲಿದಾಗ, ಕಾಲು ಸುಟ್ಟುಕೊಂಡ ಸ್ವಂತ ಮಗಳನ್ನೇ ಆ ತಾಯಿ ಹೊಡೆದು, ಅಳುವ ಯಜಮಾನರ ಮಗುವನ್ನು ಸಂತೈಸುತ್ತಾಳೆ. ಜನಾಂಗದ ಮಾತು ನಮ್ಮೂರಿನದಲ್ಲ ಎನ್ನುವವರಿದ್ದಾರೆ. ಹೆಣ್ಣು ನೋಡಲು ಬಂದವರ ಬಾಯಲ್ಲಿ “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂಬ ಮಾತನ್ನು ನಾನು ಹೊಗಳಿಕೆಯಾಗಿ ಕೇಳಿಸಿಕೊಂಡಿದ್ದೇನೆ. ಆ ‘ಆದರೂ’ ಎಂಬ ಮೂರಕ್ಷರ ನಮ್ಮ ಮನೆಯ ಮೂರು ತಲೆಮಾರನ್ನು ಕುಟುಕಿದೆ.

ಮಂಡಿಪೇಟೆಯ ಸ್ಟುಡಿಯೋದ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಗಾಜಿನಿಂದ ಫೋಟೋವನ್ನು ಬಿಡಿಸಲು ಅವರು ಒಪ್ಪಲೇ ಇಲ್ಲ. ಎಳೆದರೆ ಮುಖವೇ ಕಿತ್ತು ಬರುತ್ತದೆ ಎಂದು ಗಾಜಿನ ಸಮೇತ ಸ್ಕ್ಯಾನ್ ಮಾಡಿದರು. ಬಳಿಕ ಭೂತಗನ್ನಡಿ ಹಿಡಿದು ಒಂದೊಂದೇ ಗುರುತನ್ನು ತೋರಿಸಿ, “ಇದು ಕಲೆಯೋ, ಹಚ್ಚೆಯೋ? ಇದು ಬಿರುಕೋ, ಗಾಯದ ಗುರುತೋ?” ಎಂದು ಕೇಳುತ್ತಾ ಚೀಟಿಯಲ್ಲಿ ಬರೆದುಕೊಂಡರು. ಹುಬ್ಬಿನ ಮೇಲಿನ ಗೆರೆ ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. ಭಟ್ಟಿಯ ಜರಡಿ ತಗುಲಿ ಆದ ಗಾಯವಂತೆ. “ಹಾಗಾದರೆ ಇರಲಿ” ಎಂದು ಬರೆದರು. ಬಣ್ಣ ಹಾಕುತ್ತೀರಾ ಎಂದು ಕೇಳಿದ್ದಕ್ಕೆ, “ಹಾಕಬಹುದಮ್ಮಾ, ಆದರೆ ಅದು ನನ್ನ ಊಹೆಯ ಬಣ್ಣ, ನಿಮ್ಮ ಅಜ್ಜಿಯದಲ್ಲ” ಎಂದರು. ಕಪ್ಪು-ಬಿಳುಪಿನಲ್ಲೇ ಇರಲಿ ಎಂದೆ.

ಕೆಲಸದ ನಡುವೆ ಅವರಿಗೆ ಶರ್ಲಿ ಕಾರ್ಡಿನ ಕಥೆ ಹೇಳಿದೆ. ಈ ಶರ್ಲಿ ಆ ಬಾಲನಟಿಯಲ್ಲ. ಕೊಡಾಕ್ ಕಂಪನಿ ಬಣ್ಣದ ಮುದ್ರಣ ಸರಿಯಾಗಿದೆಯೇ ಎಂದು ನೋಡಲು ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರವದು. ಅದರಲ್ಲಿ ಇರುತ್ತಿದ್ದವಳು ಬಿಳಿಯ ಹೆಂಗಸು. ಅವಳ ಚರ್ಮ ಸರಿಯಾಗಿ ಮೂಡಿದರೆ ಎಲ್ಲವೂ ಸರಿ ಎಂದು ಲೆಕ್ಕ. ಅಮೆರಿಕದ ಶಾಲೆಗಳ ಗುಂಪು ಫೋಟೋಗಳಲ್ಲಿ ಕಪ್ಪು ಮಕ್ಕಳ ಮುಖ ಕತ್ತಲಾಗಿ ಕಣ್ಣು, ಹಲ್ಲು ಮಾತ್ರ ಕಾಣುತ್ತಿತ್ತು. ಕಂದು ಬಣ್ಣದ ಛಾಯೆಗಳನ್ನು ಹಿಡಿಯುವಂತೆ ಫಿಲ್ಮನ್ನು ಸುಧಾರಿಸಲು ಒತ್ತಡ ತಂದವರು ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಕಂಪನಿಗಳು. ಹಲವು ಬಣ್ಣದ ಹೆಂಗಸರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಯಜಮಾನರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. “ಮದುವೆ ಫೋಟೋಗಳಲ್ಲಿ ಕಪ್ಪಗಿರುವವರ ಮುಖ ಮುಚ್ಚಿಹೋಗುತ್ತಿತ್ತು. ಜನ ಬೈದು ಹೋಗುತ್ತಿದ್ದರು. ಇಷ್ಟು ವರ್ಷ ನನ್ನ ಕೈಯ ತಪ್ಪು ಎಂದುಕೊಂಡಿದ್ದೆ” ಎಂದರು.

ಐದು ದಿನ ಎಂದವರು ಹನ್ನೊಂದು ದಿನ ಮಾಡಿದರು, ಎರಡು ಸಲ ಸುಮ್ಮನೆ ಓಡಾಡಿದೆ. ಮೆಟ್ಟಿಲು ಕಡಿದು, ವಯಸ್ಸಾದವರನ್ನು ಕರೆದೊಯ್ಯುವುದು ಕಷ್ಟ. ಕಟ್ಟು ಹಾಕಲು ಅವರಲ್ಲಿರುವುದು ಚಿನ್ನದ ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು ಮಾತ್ರ. ನಾನು ತೇಗದ ಕಟ್ಟನ್ನು ಬೇರೆಡೆ ಹಾಕಿಸಿದೆ. ಸರಿಪಡಿಸಿ, ಹೊಳಪಿಲ್ಲದ ಕಾಗದದಲ್ಲಿ 12×18 ಅಂಗುಲದ ಪ್ರತಿ ಕೊಡಲು 1,100 ರೂಪಾಯಿ ತೆಗೆದುಕೊಂಡರು. ಆ ಕೆಲಸಕ್ಕೆ ಇದು ಕಡಿಮೆಯೇ.

ಗೆದ್ದಲು ತಿಂದ ಮೂಲೆಯಲ್ಲಿ ಹಂಸದ ಕತ್ತು ಮರಳಿ ಬಂದಿದೆ. ಅಜ್ಜಿಯ ಮುಖದ ಕಪ್ಪಿನೊಳಗೆ ಇಷ್ಟು ಛಾಯೆಗಳಿದ್ದವು ಎಂದು ನಮಗೇ ಗೊತ್ತಿರಲಿಲ್ಲ: ಕೆನ್ನೆಯ ಮೂಳೆಯ ಮೇಲೊಂದು ಬೆಳಕು, ಮೂಗುತಿಯ ಕೆಳಗೊಂದು ನೆರಳು, ಗದ್ದದಲ್ಲಿ ಮೂರು ಚುಕ್ಕಿ. ಪಕ್ಕದಲ್ಲಿ ಪೌಡರಿನ ಮಗಳು. ನಿಟುವಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿದ ದಿನ ನನ್ನ ಮಗಳು ಎದುರು ನಿಂತು, “ಅಮ್ಮಾ, ನನ್ನ ಹಣೆ ಇವರದ್ದೇ” ಎಂದಳು.

ಮುಂದಿನ ವಾರ ನನ್ನ ಮದುವೆಯ ಫೋಟೋ ಕೊಡಲಿದ್ದೇನೆ. ಅದರಲ್ಲಿ ಮುಖಕ್ಕೆ ಬಳಿದ ಬಿಳುಪು ಕತ್ತಿನವರೆಗೆ ಬಂದು ನಿಂತಿದೆ. ಅದನ್ನು ತೆಗೆದು ನನ್ನ ಬಣ್ಣ ತರಲು ಆಗುತ್ತದೆಯೇ ಎಂದು ಕೇಳಿದೆ. ಯಜಮಾನರು ತಲೆಯಾಡಿಸಿದರು. “ಅವತ್ತು ಹಚ್ಚಿದ್ದರಲ್ಲ, ಇರಲಿ ಬಿಡಮ್ಮಾ. ನಾನು ಸುಕ್ಕು ಮಾತ್ರ ಬಿಡಿಸುತ್ತೇನೆ.”